ಬಳೆಗಾರ ಬೀದಿಯಲ್ಲಿ ಒಂದು ಗಂಟೆ

ನಮ್ಮ ಕಾಲೇಜಿನ ಪತ್ರಿಕೆ ತಿಂಗಳಿಗೆ ಎರಡು ಸಲ ಬರುತ್ತದೆ. ಎಂಟು ಪುಟ. ಅದರಲ್ಲಿ ಮೂರನೆಯ ಪುಟ ನನ್ನದು ಮತ್ತು ಇಲಿಯಾಸನದು. ಒಂದು ಸಂಚಿಕೆಗೆ ಒಂದು ಬೀದಿ ಎಂದು ಹಂಚಿಕೊಂಡು, ಆ ಬೀದಿಯ ಜನ, ಕಸುಬು, ಅಡುಗೆ, ಹಾಡು, ಹಳೆಯ ಜಗಳ, ಏನು ಸಿಕ್ಕರೂ ಬರೆಯುತ್ತಿದ್ದೆವು. ನಮಗೆ ಪತ್ರಿಕೋದ್ಯಮ ಕಲಿಸುವ ಕುಬೇರಪ್ಪ ಮೇಷ್ಟ್ರು ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿದ್ದರು: "ಪ್ರಶ್ನೆ ಮನೆಯಲ್ಲೇ ಬರೆದುಕೊಂಡು ಹೋಗಿ. ಅಲ್ಲಿ ಹೋದ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ."

ಅದು ನಿಜ. ನಮ್ಮೂರಿನಲ್ಲಿ ಯಾರಿಗೇ ಆಗಲಿ, ಅವರು ಹುಟ್ಟಿದ ಬೀದಿಯಲ್ಲಿ ಮಾತ್ರ ದನಿ. ಬೀದಿಯ ತುದಿ ದಾಟಿದರೆ ತುಟಿ ಆಡುತ್ತದೆ, ಮಾತು ಕೇಳುವುದಿಲ್ಲ. ಅಳು, ನಗು, ಕೆಮ್ಮು, ಸೀನು ಎಲ್ಲ ಕಡೆಯೂ ಕೇಳುತ್ತವೆ. ಊರು ಬಿಟ್ಟು ಹೋದವರಿಗೂ ಅಷ್ಟೇ. ಹೀಗಾಗಿ ನಮ್ಮೂರಿನವರ ಜೇಬಿನಲ್ಲಿ ಚೀಟಿ, ಪೆನ್ಸಿಲ್ ತುಂಡು ಇರುತ್ತವೆ. ಪ್ರತಿ ಅಡುಗೆಮನೆಯ ಮೊಳೆಯಲ್ಲಿ ಒಂದು ಸ್ಲೇಟು ನೇತಾಡುತ್ತಿರುತ್ತದೆ. ಗಂಡಿನ ಕಡೆಯವರು ಜಾತಕ ಕೇಳುವುದಕ್ಕೆ ಮೊದಲು "ಹುಡುಗಿ ಯಾವ ಬೀದಿ?" ಎಂದು ಕೇಳುತ್ತಾರೆ. ಕೆಲವರು ಒಂದೇ ಬೀದಿಯವಳು ಬೇಕು ಎನ್ನುತ್ತಾರೆ. ಹೆಚ್ಚಿನವರು ಖಂಡಿತ ಬೇಡ ಎನ್ನುತ್ತಾರೆ.

ಇಪ್ಪತ್ತಮೂರು ವರ್ಷದ ಹಿಂದೆ ಊರಿಗೆ ಹೆರಿಗೆ ಆಸ್ಪತ್ರೆ ಬಂತು. ಎಲ್ಲರಿಗೂ ಸಂತೋಷವಾಯಿತು. ಮಕ್ಕಳು ಮಾತು ಕಲಿಯುವ ವಯಸ್ಸಿಗೆ ಬಂದಾಗ ಗೊತ್ತಾಯಿತು, ಆಸ್ಪತ್ರೆಯಲ್ಲಿ ಹುಟ್ಟಿದವರೆಲ್ಲ ಆಸ್ಪತ್ರೆ ಬೀದಿಯವರು ಎಂದು. ಆಮೇಲೆ ಶಾಲೆಯನ್ನು ಆ ಬೀದಿಗೆ ತಂದರು, ನಂತರ ಕಾಲೇಜನ್ನು. ಸಂಜೆಯಾದರೆ ತಾಯಂದಿರು ಮಕ್ಕಳನ್ನು ಮಾತಾಡಿಸಲು ಅಲ್ಲಿಗೆ ಕರೆತರುತ್ತಾರೆ. ಬೇರೆ ಊರುಗಳಲ್ಲಿ ಪಾರ್ಕಿಗೆ ಕರೆದೊಯ್ಯುತ್ತಾರಂತೆ, ಹಾಗೆ. ಮನೆಗಳಲ್ಲಿ ಮಕ್ಕಳು ಎದುರುತ್ತರ ಕೊಡುವುದು ನಿಂತುಹೋಯಿತು. ಹಿರಿಯರಲ್ಲಿ ಕೆಲವರು ಇದನ್ನು ಆಸ್ಪತ್ರೆಯ ಉಪಕಾರವೆಂದೇ ಎಣಿಸುತ್ತಾರೆ. ಕುಬೇರಪ್ಪ ಮೇಷ್ಟ್ರು ಹುಟ್ಟಿದ್ದು ಗಾಣದ ಬೀದಿಯಲ್ಲಿ. ಹತ್ತೊಂಬತ್ತು ವರ್ಷದಿಂದ ಸೀಮೆಸುಣ್ಣದಲ್ಲೇ ಪಾಠ ಮಾಡುತ್ತಿದ್ದಾರೆ. ನಾವು ಬಾಯಲ್ಲಿ ಕೇಳುತ್ತೇವೆ, ಅವರು ಕೈಯಲ್ಲಿ ಹೇಳುತ್ತಾರೆ.

ವರದಿಗಾರರಿಗೆ ಇದು ಕೆಟ್ಟ ಏರ್ಪಾಡೇನೂ ಅಲ್ಲ. ನಾನೂ ಇಲಿಯಾಸನೂ ಯಾವುದಾದರೂ ಬೀದಿಗೆ ಹೋಗಿ ಜಗಲಿಯ ಮೇಲೆ ಕೂತು ಪ್ರಶ್ನೆಯ ಚೀಟಿ ಕೊಟ್ಟರೆ, ಅಲ್ಲಿನವರು ಶುರುಮಾಡುತ್ತಿದ್ದರು. ನಡುವೆ "ಹೌದಾ", "ಆಮೇಲೆ", "ಅದಿರಲಿ ಬಿಡಿ" ಅನ್ನಲು ನಮ್ಮಿಂದ ಆಗುತ್ತಿರಲಿಲ್ಲ. ಸುಮ್ಮನೆ ಕೂತವರನ್ನು ಕಂಡರೆ ಜನರಿಗೆ ಒಳಗಿನದನ್ನೆಲ್ಲ ಹೇಳಿಬಿಡಬೇಕು ಅನ್ನಿಸುತ್ತದೆ. ಹಿಟ್ಟಿನ ಗಿರಣಿಯ ಬಗ್ಗೆ ಕೇಳಿದ್ದಕ್ಕೆ ಒಬ್ಬಾಕೆ ತನ್ನ ಮೊದಲ ಪ್ರೀತಿಯ ವಿಚಾರ ಹೇಳಿ, ಕೊನೆಗೆ "ಗಿರಣಿ ಬೆಳಗ್ಗೆ ಏಳಕ್ಕೆ ತೆಗೀತಾರೆ" ಅಂದಳು. ನಾವು ಕೊನೆಯದನ್ನು ಮಾತ್ರ ಹಾಕಿದೆವು.

ಹೀಗೆ ಹನ್ನೆರಡು ಬೀದಿ ಮುಗಿಸಿದೆವು. ಹದಿಮೂರನೆಯದಕ್ಕೆ ಇಲಿಯಾಸ್ ಗ್ರಂಥಾಲಯದಿಂದ ಊರಿನ ಹಳೆಯ ನಕ್ಷೆ ತಂದು ಕ್ಯಾಂಟೀನಿನ ಮೇಜಿನ ಮೇಲೆ ಹರಡಿದ.

"ಇದು ಯಾವ ಬೀದಿ ವನಮಾಲಾ? ಬಳೆಗಾರ ಬೀದಿ. ನಾನು ಕೇಳೇ ಇಲ್ಲವಲ್ಲ."

"ಈಗ ಇಲ್ಲ ಅದು," ಅಂದೆ. "ನಮ್ಮಮ್ಮ ಹುಟ್ಟಿದ ಬೀದಿ."

ಇಲಿಯಾಸ್ ನಕ್ಷೆಯಿಂದ ಬೆರಳು ತೆಗೆದ. "ಹಂಗಾದ್ರೆ ನಿಮ್ಮಮ್ಮ..."

"ಹೂಂ," ಅಂದೆ.

ಅಮ್ಮನ ಹೆಸರು ನೀಲಮ್ಮ. ಅವಳು ಮದುವೆಯಾಗಿ ಅಪ್ಪನ ಬೀದಿಗೆ ಬಂದ ಎಂಟನೆಯ ತಿಂಗಳಿಗೆ ಪುರಸಭೆಯವರು ಬಳೆಗಾರ ಬೀದಿಯ ಮೂವತ್ತೊಂದು ಮನೆ ಖಾಲಿ ಮಾಡಿಸಿದರು. ಅಲ್ಲಿ ನೀರಿನ ಟ್ಯಾಂಕ್ ಕಟ್ಟಿ, ಸುತ್ತ ಎತ್ತರದ ಗೋಡೆ ಎಬ್ಬಿಸಿ, ಗೇಟಿಗೆ "ಪ್ರವೇಶವಿಲ್ಲ" ಎಂಬ ಬೋರ್ಡು ಹಾಕಿದರು. ಜನರಿಗೆ ಊರ ಹೊರಗಿನ ಬಡಾವಣೆಯಲ್ಲಿ ಒಳ್ಳೆಯ ಮನೆಗಳನ್ನೇ ಕೊಟ್ಟರು. ನಲ್ಲಿ ಇತ್ತು, ಕರೆಂಟು ಇತ್ತು. ದನಿ ಮಾತ್ರ ಗೋಡೆಯೊಳಗೆ ಉಳಿಯಿತು. ನಾನು ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ, ಆಸ್ಪತ್ರೆಯಲ್ಲಿ. ಅಮ್ಮನ ದನಿ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಮೂರನೇ ಕ್ಲಾಸಿಗೆ ಓದು ಬಿಟ್ಟವಳು. ಸ್ಲೇಟಿನ ಮೇಲೆ "ಉಪ್ಪು ತಾ", "ಬೇಗ ಬಾ" ಎಂದು ಬರೆಯುತ್ತಾಳೆ. ಎರಡು ಪದದಲ್ಲಿ ಮುಗಿಯದ ವಿಷಯವನ್ನು ಬರೆಯಲು ಹೋಗುವುದಿಲ್ಲ.

ಅಪ್ಪ ಮನೆಯಿರುವ ಬೀದಿಯಲ್ಲೇ ಹುಟ್ಟಿದವರು. ನಮ್ಮ ಮನೆಯಲ್ಲಿ ಮಾತಾಡುವವರು ಅವರೊಬ್ಬರೇ. ಇಷ್ಟು ವರ್ಷದಲ್ಲಿ ಮನೆಯಲ್ಲಿ ಒಂದು ಸಲವೂ ಭಿನ್ನಾಭಿಪ್ರಾಯ ಬಂದಿಲ್ಲ ಎಂದು ಅವರು ಬಂದವರೆದುರು ಹೆಮ್ಮೆಯಿಂದ ಹೇಳುತ್ತಾರೆ. ಆ ದಿನ ನಾನು ಚೀಟಿಯಲ್ಲಿ ಬರೆದು ಕೇಳಿದೆ: "ಅಮ್ಮನ ದನಿ ಹೇಗಿತ್ತು?"

ಅಪ್ಪ ಕನ್ನಡಕ ತೆಗೆದರು. "ಮೂರೇ ಸಲ ಕೇಳಿದ್ದು ಕಣಮ್ಮ. ಹೆಣ್ಣು ನೋಡೋಕೆ ಹೋದಾಗ ಕಾಫಿಗೆ ಸಕ್ಕರೆ ಸಾಕಾ ಅಂದಳು. ಮದುವೆ ದಿನ ಸೆರಗು ತುಳೀತಿದೀರಿ ಅಂದಳು. ಗೌರಿ ಹಬ್ಬಕ್ಕೆ ಕರೆಯೋಕೆ ಹೋದಾಗ ಇನ್ನೆರಡು ದಿನ ಇದ್ದು ಬರ್ತೀನಿ ಅಂದಳು. ನಾನು ಬೇಡ, ಇವತ್ತೇ ಹೊರಡು ಅಂತ ಚೀಟಿ ಬರೆದು ಕೊಟ್ಟೆ." ಅಂದವರು ಕನ್ನಡಕ ಒರೆಸತೊಡಗಿದರು. ಅದು ಆಗಲೇ ಒರೆಸಿದ ಕನ್ನಡಕವಾಗಿತ್ತು.

ಬಳೆಗಾರ ಬೀದಿಯಲ್ಲಿ ಹುಟ್ಟಿದವರಲ್ಲಿ ನಲವತ್ತಾರು ಜನ ಇನ್ನೂ ಇದ್ದರು. ನಾವು ಬಡಾವಣೆಗೆ ಹೋಗಿ ಒಬ್ಬೊಬ್ಬರನ್ನೇ ಕಂಡೆವು. ಎರಡೂ ಕಡೆಗೆ ದನಿಯಿಲ್ಲದ ಸಂದರ್ಶನ ನಮಗೆ ಹೊಸದು. ಗೋಡೆ ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು. ಬಳೆ ವ್ಯಾಪಾರದ ಚೌಡಪ್ಪನವರಿಗೆ ಎಂಬತ್ತರ ಹತ್ತಿರ. ಇಪ್ಪತ್ತೆರಡು ವರ್ಷದಿಂದ ಗಾಜಿನ ಬಳೆಯನ್ನು ಕುಲುಕಿಯೇ ಮಾರುತ್ತಿದ್ದಾರೆ. ನಮ್ಮ ಉದ್ದದ ಪ್ರಶ್ನಾವಳಿಯನ್ನು ಪೂರ್ತಿ ಓದಿ, ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: "ಒಳಗೆ ಬಿಡಿಸಿ. ಹೇಳುತ್ತೇನೆ."

ಪುರಸಭೆಗೆ ಅರ್ಜಿ ಕೊಟ್ಟೆವು. ಅಲ್ಲಿನ ಗುಮಾಸ್ತ ಶೇಷಗಿರಿ ಕಚೇರಿ ಬೀದಿಯಲ್ಲೇ ಹುಟ್ಟಿದವರು, ಆ ಕಾರಣಕ್ಕೇ ಅವರಿಗೆ ಆ ಕೆಲಸ ಸಿಕ್ಕಿತ್ತು. ಅರ್ಜಿಯನ್ನು ಗಟ್ಟಿಯಾಗಿ ಓದಿದರು. "ಮಾತಾಡುವುದಕ್ಕಾಗಿ ಒಂದು ಗಂಟೆ ಪ್ರವೇಶ... ಅಲ್ರೀ, ಮಾತಾಡೋದಕ್ಕೆ ಅಂತ ಬರೆದರೆ ಯಾರು ಸಹಿ ಹಾಕ್ತಾರೆ? ಅದಕ್ಕೆ ಕಲಮೇ ಇಲ್ಲ. ನೀರಿನ ಟ್ಯಾಂಕಿಗೆ ಶೈಕ್ಷಣಿಕ ಭೇಟಿ ಅಂತ ಬರೀರಿ."

ಇಲಿಯಾಸ್ ಹಾಗೇ ಬರೆದ. "ವಿದ್ಯಾರ್ಥಿಗಳು ಇಬ್ಬರು" ಎಂದು ನಮೂದಿಸಿ, ಪಕ್ಕದಲ್ಲಿ "ಮತ್ತು ಪೋಷಕರು ನಲವತ್ತಾರು ಜನ" ಎಂದು ಸೇರಿಸಿದ. ಶೇಷಗಿರಿ ಅದನ್ನು ನೋಡಿದರು, ಇಲಿಯಾಸನನ್ನು ನೋಡಿದರು. "ಇಬ್ಬರಿಗೆ ಇಷ್ಟು ಜನ ಪೋಷಕರಾ? ನೀವು ಅದೃಷ್ಟವಂತರು ಕಣ್ರಯ್ಯ," ಎಂದು ಮೊಹರು ಒತ್ತಿದರು. ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೊಂದು. ಗದ್ದಲ ಮಾಡಕೂಡದು ಎಂದು ಕೆಳಗೆ ಷರತ್ತು.

ಆ ಕಾಗದವನ್ನು ಅಮ್ಮನ ಮುಂದೆ ಹಿಡಿದೆ. ಅವಳು ಬೆರಳಿಟ್ಟು ನಿಧಾನವಾಗಿ ಓದಿದಳು. ಮೊಳೆಯಿಂದ ಸ್ಲೇಟು ತೆಗೆದು ಒಂದೇ ಪದ ಬರೆದಳು: "ಬೇಡ." ಯಾಕೆ ಎಂದು ಬರೆದೆ. ಅದೇ ಪದದ ಕೆಳಗೆ ಗೆರೆ ಎಳೆದಳು. ಮರುದಿನ ಕೇಳಿದೆ, ಅದರ ಮರುದಿನವೂ ಕೇಳಿದೆ. ಶನಿವಾರ ಅವಳು ಸ್ಲೇಟನ್ನೇ ತೆಗೆದು ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಅಪ್ಪನಿಗೆ ಇದರಿಂದ ನಿರಾಳವಾದ ಹಾಗೆ ಕಂಡಿತು. "ಬಲವಂತ ಮಾಡಬೇಡ ಬಿಡು," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಏನೇನು ಕೂಡಿಟ್ಕೊಂಡಿದಾಳೋ," ಅಂದರು.

ಭಾನುವಾರ ನಾನು ಒಬ್ಬಳೇ ಹೋದೆ. ಗೇಟಿನ ಮುಂದೆ ಇಲಿಯಾಸನೂ, ಅಮ್ಮನನ್ನು ಬಿಟ್ಟು ಉಳಿದ ನಲವತ್ತೈದು ಜನವೂ ನಿಂತಿದ್ದರು. ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು. ಒಬ್ಬರು ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಬಂದಿದ್ದರು. ಕಾವಲುಗಾರ ಬೀಗ ತೆಗೆದ.

ಒಳಗೆ ಬೀದಿ ಎನ್ನುವಂಥದ್ದು ಏನೂ ಇರಲಿಲ್ಲ. ಮನೆಗಳಿದ್ದ ಒಂದು ಸಾಲಿನ ಮೇಲೆ ಟ್ಯಾಂಕ್ ನಿಂತಿತ್ತು, ಇನ್ನೊಂದು ಸಾಲಿನ ಮೇಲೆ ಪಂಪ್‌ಹೌಸ್. ನಡುವೆ ಆರು ಅಡಿ ಅಗಲದ ಜಾಗ, ಅದರ ತುಂಬ ಪೈಪು, ಹುಲ್ಲು. ಎಲ್ಲರೂ ಒಳಗೆ ಬಂದು ತಮ್ಮ ತಮ್ಮ ಮನೆ ಇದ್ದ ಕಡೆ ಅಂದಾಜಿನ ಮೇಲೆ ನಿಂತರು. ನಾನು ಪುಸ್ತಕ ತೆರೆದೆ, ಇಲಿಯಾಸ್ ಪೆನ್ಸಿಲ್ ಚೂಪು ಮಾಡಿದ.

ಯಾರೂ ಮಾತಾಡಲಿಲ್ಲ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾರೆ. ಬಾಯಿ ತೆರೆದು, ದನಿ ಬರದೇ ಹೋದರೆ ಎಂಬ ಭಯ ಇರಬೇಕು. ಇಷ್ಟು ದಿನ ಗೋಡೆಯೊಳಗೆ ಇದೆ ಎಂಬ ನಂಬಿಕೆಯಾದರೂ ಇತ್ತು. ನಾನು ಗಡಿಯಾರ ನೋಡಿದೆ. ಹದಿನೇಳು ನಿಮಿಷ ಕಳೆದಿತ್ತು. ಆಗ ಚೌಡಪ್ಪನವರು ಟ್ಯಾಂಕಿನ ಕಡೆಗೆ ಒಂದು ಹೆಜ್ಜೆ ಇಡಲು ಹೋಗಿ ಪೈಪು ಎಡವಿದರು.

"ಥೂ! ಯಾವನಯ್ಯ ಇದನ್ನ ದಾರೀಲಿ ಹಾಕಿದೋನು?"

ಅಷ್ಟೇ. ಅವರು ಎಡವಿದ ಕಾಲನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. ಆಮೇಲೆ ನಲವತ್ತೈದು ಜನರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಬರೆಯುವುದಕ್ಕೆ ನೋಡಿದೆ, ಆಗಲಿಲ್ಲ. ಅಣ್ಣತಮ್ಮಂದಿರಿಬ್ಬರು ಒಬ್ಬರ ಹೆಸರನ್ನು ಒಬ್ಬರು ಸುಮ್ಮನೆ ಕರೆಯುತ್ತಿದ್ದರು. ಸಾಕಮ್ಮ ಮತ್ತು ಪುಟ್ಟಗೌರಮ್ಮ ಎಂಬ ನೆರೆಮನೆಯವರು, ಚರಂಡಿಯ ನೀರು ಯಾರ ಅಂಗಳಕ್ಕೆ ಹರಿಯುತ್ತಿತ್ತು ಎಂಬ ಜಗಳವನ್ನು ಬೀದಿ ಒಡೆದ ದಿನ ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದಲೇ ಎತ್ತಿಕೊಂಡರು.

"ನಿನ್ನ ಕಲ್ಲು ಸರಿಸು ಅಂತ ಎಷ್ಟು ಸಲ ಹೇಳಿದ್ದೆ?"

"ಸರಿಸ್ತಿದ್ದೆ ಕಣೆ! ಅಷ್ಟರಲ್ಲಿ ಮನೇನೇ ಸರಿಸಿದ್ರಲ್ಲ!"

ಚರಂಡಿಯೂ ಇಲ್ಲ, ಅಂಗಳವೂ ಇಲ್ಲ. ಇಬ್ಬರೂ ಅಳುತ್ತ ಬೈದಾಡಿಕೊಂಡರು. ಗದ್ದಲ ಮಾಡಕೂಡದು ಎಂದು ಕಾವಲುಗಾರ ಕೈ ಬೀಸಿ ಬೀಸಿ ತೋರಿಸಿದ. ಅವನು ಬೇರೆ ಬೀದಿಯವನು.

ಹತ್ತೂವರೆಯ ಮೇಲೆ ಗೇಟಿನಲ್ಲಿ ಅಮ್ಮ ಕಾಣಿಸಿದಳು. ಮನೆಯಲ್ಲಿ ಉಡುವ ಸೀರೆಯೇ, ಸೆರಗಿನಲ್ಲಿ ಅರಿಶಿನದ ಕಲೆ. ಹಿಂದೆ ಅಪ್ಪ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಆಗಿದ್ದನ್ನು ಅವರೇ ಆಮೇಲೆ ಹೇಳಿದರು: ಹತ್ತು ಗಂಟೆ ಹೊಡೆದ ಮೇಲೆ ಅಮ್ಮ ಒಂದೇ ಪಾತ್ರೆಯನ್ನು ಮೂರು ಸಲ ಬೆಳಗಿದ್ದನ್ನು ನೋಡಿ, ಅಡುಗೆಮನೆ ಬಾಗಿಲಲ್ಲಿ ನಿಂತು, "ನಡಿ, ಹೋಗೋಣ. ನನ್ನ ಬೈಯಬೇಕು ಅನ್ನಿಸಿದ್ರೆ ಬೈ, ಕೇಳ್ಕೋತೀನಿ," ಅಂದರಂತೆ. ಅವಳು ಕೈ ಒರೆಸಿಕೊಂಡು ಹೊರಟೇಬಿಟ್ಟಳಂತೆ.

ಅಮ್ಮ ಪೈಪುಗಳನ್ನು ದಾಟಿ, ಒಂದು ದೊಡ್ಡ ವಾಲ್ವಿನ ಪಕ್ಕ ಬಂದು ನಿಂತಳು. ಅಪ್ಪ ತಲೆ ತಗ್ಗಿಸಿ ಅವಳೆದುರು ನಿಂತರು. ಅವಳು ಅವರನ್ನು ನೋಡಿ ಗಂಟಲು ಸರಿಮಾಡಿಕೊಂಡಳು.

"ನೀವು ಆಚೆ ನಿಂತ್ಕೊಳ್ಳಿ," ಅಂದಳು. "ನಂಗೆ ಇವಳ ಹತ್ರ ಮಾತಿದೆ."

ದಪ್ಪ ದನಿ, ಒಡೆದ ಹಾಗೆ. ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಕೇಳಿಕೊಂಡಿದ್ದು ಬೇರೆ. ತೆಳ್ಳಗಿನ, ಸ್ವಲ್ಪ ಹಾಡುವ ಹಾಗಿನ ದನಿ. ಅದು ಯಾರದೋ ಏನೋ. ಅಪ್ಪ ಏನೋ ಹೇಳಲು ಬಾಯಿ ತೆರೆದರು, ಈ ಬೀದಿಯಲ್ಲಿ ತಮಗೆ ದನಿಯಿಲ್ಲ ಎಂದು ನೆನಪಾಗಿ ಮುಚ್ಚಿದರು, ಗೇಟಿನ ಹೊರಗೆ ಹೋಗಿ ನಿಂತರು.

ನಾನು ಹದಿಮೂರು ಪ್ರಶ್ನೆ ಬರೆದ ಚೀಟಿಯನ್ನು ಮುಂದೆ ಹಿಡಿದೆ. ಬಳೆಗಾರ ಬೀದಿಯಲ್ಲಿ ಹಬ್ಬ ಹೇಗೆ ಮಾಡುತ್ತಿದ್ದರು, ಹೆಂಗಸರ ಕೆಲಸವೇನು, ಇಂಥವು. ಅವಳು ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನು ಯಾಕೆ ಬೇಡ ಅಂದೆ ಗೊತ್ತಾ? ನನ್ ದನಿ ನಿಂಗೆ ಹಿಡಿಸ್ದೇ ಹೋದ್ರೆ ಅಂತ. ಇರ್ಲಿ. ಹೊತ್ತಿಲ್ಲ. ನಾಕು ವರ್ಷದವಳಿದ್ದಾಗ ನೀನು ಕೇಳಿದ್ದೆ, ಇರುವೆಗೆ ದಾರಿ ತೋರ್ಸೋರು ಯಾರು ಅಂತ. ಗೊತ್ತಿಲ್ಲ ಕಣೆ. ಆವತ್ತೂ ಗೊತ್ತಿರ್ಲಿಲ್ಲ, ಇವತ್ತೂ ಗೊತ್ತಿಲ್ಲ."

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸಂಜೆ ಸಂಜೆ ಆಸ್ಪತ್ರೆ ಬೀದಿಯ ಕಲ್ಲುಬೆಂಚಿನ ಮೇಲೆ ಅವಳ ಪಕ್ಕ ಕೂತು ನಾನು ಕೇಳಿದ್ದನ್ನೆಲ್ಲ ಅವಳು ಇಟ್ಟುಕೊಂಡಿದ್ದಳು. ಅಲ್ಲಿ ಅವಳಿಗೆ ದನಿಯಿರಲಿಲ್ಲ. ನಗುತ್ತಿದ್ದಳು, ತಲೆ ಆಡಿಸುತ್ತಿದ್ದಳು, ನಾನು ಮುಂದಿನದಕ್ಕೆ ಹೋಗುತ್ತಿದ್ದೆ.

"ಐದು ವರ್ಷಕ್ಕೆ, ಅಜ್ಜಿ ಎಲ್ಲಿಗೆ ಹೋದ್ರು ಅಂದೆ. ನಾನು ಬಸ್‌ಸ್ಟ್ಯಾಂಡ್ ಕಡೆ ಕೈ ತೋರ್ಸಿದೆ. ಸುಳ್ಳು ಅದು. ಸತ್ತೋಗಿದ್ರು. ನೀನು ದಿನಾ ಬಸ್ಸು ನೋಡ್ತಿದ್ದೆ, ನಂಗೆ ಹೊಟ್ಟೆ ಉರೀತಿತ್ತು. ಆಮೇಲೆ, ನಂಗೆ ತಮ್ಮ ಯಾಕಿಲ್ಲ ಅಂದೆ. ಇದ್ದ ಕಣೆ. ಐದು ತಿಂಗಳಿಗೇ ಹೊಟ್ಟೇಲೇ ಹೋದ. ನಿಂಗಾಗ ಎರಡು ವರ್ಷ. ನಿಮ್ಮಪ್ಪಂಗೂ ಅದರ ಬಗ್ಗೆ ನಾನು ಏನೂ ಹೇಳಕ್ಕಾಗ್ಲಿಲ್ಲ, ಅವರೊಬ್ಬರೇ ಹೇಳ್ತಾ ಇದ್ರು, ಪರವಾಗಿಲ್ಲ ಪರವಾಗಿಲ್ಲ ಅಂತ. ನಂಗೆ ಪರವಾಗಿತ್ತು."

ಇಷ್ಟು ಹೇಳಿ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು, ನೀರು ಕುಡಿದವಳ ಹಾಗೆ.

"ಸಾರಿಗೆ ಯಾಕೆ ಬೆಲ್ಲ ಹಾಕ್ತೀಯ ಅಂದಿದ್ದೆ. ಅವರಿಗೆ ಬೇಕು, ಅದಕ್ಕೆ. ನಂಗೂ ಸೇರಲ್ಲ. ಎಂಟು ವರ್ಷಕ್ಕೆ, ನಾನು ಚೆನ್ನಾಗಿದೀನಾ ಅಂದೆ. ಕಿವಿ ದೊಡ್ಡವು. ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಒಂಬತ್ತು ವರ್ಷಕ್ಕೆ, ಆವತ್ತು ಮಳೆ ಬರ್ತಿತ್ತು, ನೀನು..."

ಕಾವಲುಗಾರ ಕಬ್ಬಿಣದ ಸಲಾಕೆಯಿಂದ ಪೈಪಿಗೆ ಹೊಡೆದ. ಹನ್ನೊಂದು. ಎಲ್ಲರೂ ಹೊರಗೆ ಹೋಗಬೇಕಾಯಿತು. ಹೊರಗೆ ಅಪ್ಪ ಆತುರದಿಂದ ನನ್ನ ಕೈಗೆ ಪೆನ್ಸಿಲ್ ಕೊಟ್ಟರು. ನನ್ನ ಬಗ್ಗೆ ಏನಂದಳು ಎಂದು ಅವರ ಮುಖವೇ ಕೇಳುತ್ತಿತ್ತು. "ಸಾರಿಗೆ ಬೆಲ್ಲ ಬೇಡವಂತೆ" ಎಂದು ಬರೆದು ಕೊಟ್ಟೆ. ಅವರು ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿದರು.

ಸೋಮವಾರ ಕಾಲೇಜಿನಲ್ಲಿ ಕುಬೇರಪ್ಪ ಮೇಷ್ಟ್ರು, ರಾತ್ರಿ ನಾನು ನೆನಪಿನಿಂದ ಎಲ್ಲವನ್ನೂ ಬರೆದಿಟ್ಟಿದ್ದ ಟಿಪ್ಪಣಿ ಓದಿ ಬೋರ್ಡಿನ ಮೇಲೆ ಬರೆದರು: "ನಿನ್ನ ತಾಯಿಯದ್ದೇ ಮೊದಲ ಪುಟಕ್ಕೆ. ಇದಕ್ಕಿಂತ ಒಳ್ಳೆಯ ಬರಹ ನಮಗೆ ಸಿಕ್ಕಿಲ್ಲ."

"ಹಾಕುವುದಿಲ್ಲ ಸಾರ್," ಅಂದೆ.

"ವರದಿಗಾರನಿಗೆ ತಾಯಿ ಎಂದು ಬೇರೆ ಇಲ್ಲ" ಎಂದು ಬರೆದರು.

"ನಾನು ಆಗ ವರದಿಗಾರ್ತಿಯಾಗಿ ನಿಂತಿರಲಿಲ್ಲ ಸಾರ್. ನನ್ನ ಪ್ರಶ್ನೆಗಳನ್ನು ಅವಳು ಓದಲೂ ಇಲ್ಲ. ಅವಳು ಹೇಳಿದ್ದು ಪತ್ರಿಕೆಗಲ್ಲ. ಬೇಕಾದರೆ ಚರಂಡಿ ಜಗಳ ಪೂರ್ತಿ ಇದೆ, ಚೌಡಪ್ಪನವರು ಎಡವಿದ್ದು ಇದೆ. ಇದು ಬೇಡ."

ಅವರು ಉತ್ತರ ಬರೆಯಲು ಶುರುಮಾಡಿದರು. ಅರ್ಧಕ್ಕೆ ಸೀಮೆಸುಣ್ಣ ಮುರಿಯಿತು. ಇನ್ನೊಂದು ತುಂಡು ಹುಡುಕಿದರು. ಆಮೇಲೆ ಡಸ್ಟರ್ ತೆಗೆದುಕೊಂಡು ಇಡೀ ಬೋರ್ಡು ಒರೆಸಿ, ಕುರ್ಚಿಯಲ್ಲಿ ಕೂತರು.

ಮೂರನೆಯ ಪುಟದಲ್ಲಿ ಬಳೆಗಾರ ಬೀದಿ ಬಂತು. ಚೌಡಪ್ಪನವರು ಎಡವಿದ್ದನ್ನು ಊರಿನವರೆಲ್ಲ ಓದಿದರು. ಪುರಸಭೆಯವರು ಎರಡು ವಾರ ಸುಮ್ಮನಿದ್ದು, ಆಮೇಲೆ ಪೈಪಿನ ಮೇಲೆ "ಎಚ್ಚರಿಕೆ" ಎಂದು ಬಣ್ಣ ಬಳಿಸಿದರು. ಶೇಷಗಿರಿಯವರು ಹೊಸ ಫೈಲು ತೆರೆದು, ಪ್ರತಿ ತಿಂಗಳ ಮೊದಲ ಭಾನುವಾರ ಒಂದು ಗಂಟೆ ನಲವತ್ತಾರು ಜನರ ಶೈಕ್ಷಣಿಕ ಭೇಟಿಗೆ ಖಾಯಂ ಅನುಮತಿ ಬರೆಸಿಕೊಟ್ಟರು.

ಮೊದಲ ಭಾನುವಾರ ನಾನು ಒಂಬತ್ತೂವರೆಗೇ ಹೋಗಿ ಗೇಟಿನ ಬಳಿ ಕಾದೆ. ಒಂಬತ್ತನೆಯ ವಯಸ್ಸಿನಲ್ಲಿ, ಮಳೆ ಬರುತ್ತಿದ್ದಾಗ, ನಾನು ಏನು ಕೇಳಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಿರಲಿಲ್ಲ. ಅಮ್ಮ ಈ ಸಲ ಒಳ್ಳೆಯ ಸೀರೆ ಉಟ್ಟು ಬಂದಳು. ಗೇಟು ತೆರೆದ ಕೂಡಲೇ ಸಾಕಮ್ಮನ ತೋಳು ಹಿಡಿದು ಟ್ಯಾಂಕಿನ ನೆರಳಿಗೆ ಹೋದಳು. ಪುಟ್ಟಗೌರಮ್ಮನೂ ಸೇರಿಕೊಂಡಳು. ನಾನು ಹತ್ತಿರ ಹೋಗಿ ನಿಂತೆ. ಅಮ್ಮ ಒಂದು ಸಲ ತಿರುಗಿ, "ನಿಂದು ಆಮೇಲೆ ಇರು," ಅಂದಳು.

ಅವರು ಯಾರೋ ರತ್ನಿ ಎಂಬುವಳ ವಿಷಯ ಮಾತಾಡುತ್ತಿದ್ದರು. ಆ ರತ್ನಿ ಯಾವ ಕಾಲದಲ್ಲೋ ಯಾರ ಮನೆಯಿಂದಲೋ ಒಂದು ಮಂಚ ಹೊರಿಸಿಕೊಂಡು ಬಂದಿದ್ದಳಂತೆ. ನನಗೆ ತಲೆಬುಡ ತಿಳಿಯಲಿಲ್ಲ. ಕೇಳೋಣವೆಂದರೆ ಆ ಬೀದಿಯಲ್ಲಿ ನನಗೆ ದನಿಯಿಲ್ಲ. ಅಮ್ಮ ರತ್ನಿಯ ಹಾಗೆ ನಡೆದು ತೋರಿಸಿದಳು, ರತ್ನಿಯ ಗಂಡನ ಹಾಗೆ ಮಾತಾಡಿ ತೋರಿಸಿದಳು. ಅವಳು ಇನ್ನೊಬ್ಬರ ಹಾಗೆ ಮಾತಾಡಬಲ್ಲಳು ಎಂಬುದು ನನಗೆ ಗೊತ್ತಿರಲಿಲ್ಲ. ಸುತ್ತ ಹತ್ತು ಹೆಂಗಸರು ಸೇರಿದರು. ನನ್ನನ್ನು ಯಾರೋ ಮೊಣಕೈಯಿಂದ ಹಿಂದಕ್ಕೆ ಸರಿಸಿದರು. ಇಲಿಯಾಸ್ ದೂರದಿಂದ ಪುಸ್ತಕ ಎತ್ತಿ, ಬರೆದುಕೊಳ್ಳಲಾ ಎಂದು ಸನ್ನೆಯಲ್ಲಿ ಕೇಳಿದ. ಬೇಡವೆಂದು ತಲೆಯಾಡಿಸಿದೆ.

ಹನ್ನೊಂದಕ್ಕೆ ಸಲಾಕೆಯ ಸದ್ದಾದಾಗಲೂ ಅಮ್ಮ ಕತೆಯ ನಡುವಿನಲ್ಲೇ ಇದ್ದಳು. ಹೇಳುತ್ತಲೇ ನಡೆದಳು, ಹೇಳುತ್ತಲೇ ಗೇಟು ದಾಟಿದಳು. ದಾಟಿದ ಹೆಜ್ಜೆಗೆ ದನಿ ಕಡಿಯಿತು, ತುಟಿ ನಿಲ್ಲಲಿಲ್ಲ. ಅಪ್ಪ ಬಿಸಿಲಿಗೆ ಕೊಡೆ ಹಿಡಿದು ಪಕ್ಕದಲ್ಲಿ ನಡೆದರು, ನಾನು ಈಚೆ ಪಕ್ಕದಲ್ಲಿ. ಅವಳು ನಮ್ಮಿಬ್ಬರನ್ನೂ ನೋಡಲಿಲ್ಲ; ಕೈ ಆಡಿಸುತ್ತ, ಹುಬ್ಬು ಹಾರಿಸುತ್ತ, ಸದ್ದಿಲ್ಲದೆ ಮಾತಾಡುತ್ತಲೇ ಎರಡು ಬೀದಿ ದಾಟಿದಳು. ಔಷಧಿ ಅಂಗಡಿಯ ತಿರುವಿನಲ್ಲಿ ಥಟ್ಟನೆ ನಿಂತು, ಗೋಡೆಗೆ ಕೈಕೊಟ್ಟು, ಗಟ್ಟಿಯಾಗಿ ನಕ್ಕಳು. ಕತೆ ಅಲ್ಲಿಗೆ ಮುಗಿದಿತ್ತು ಅಂತ ಕಾಣುತ್ತದೆ.